ಸಾಲದ ಹಣದಲ್ಲಿ ಊಟ, ಬಾಡಿಗೆ, ಓಡಾಟ: ಮಗಳಿಗೊಂದು ಪತ್ರ

ಹಾವೇರಿ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಎರಡನೆಯ ವರ್ಷದ ಸಾಲದ ಕಂತಿಗಾಗಿ ನೀನು ಕಳಿಸಿದ ಖರ್ಚಿನ ಪಟ್ಟಿ ತಲುಪಿತು. ಕಾಲೇಜು ಶುಲ್ಕದ ಬಗ್ಗೆ ಹೇಳುವುದೇನೂ ಇಲ್ಲ. ಆ ಹಣ ಬ್ಯಾಂಕಿನಿಂದ ನೇರವಾಗಿ ಕಾಲೇಜಿನ ಖಾತೆಗೇ ಹೋಗುತ್ತದೆ. ನನ್ನ ಕಣ್ಣು ನಿಂತದ್ದು ಪಟ್ಟಿಯ ಕೊನೆಯ ಮೂರು ಸಾಲುಗಳ ಮೇಲೆ. ಪಿ.ಜಿ. ಬಾಡಿಗೆಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀಯೆ, ಮಧ್ಯಾಹ್ನದ ಊಟವೆಂದು ಬರೆದು ಹೊಡೆದುಹಾಕಿದ್ದೀಯೆ, ಸ್ಕೂಟರ್ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದೀಯೆ. ಫೋನಿನಲ್ಲಿ ಈ ಮಾತು ಪೂರ್ತಿಯಾಗುವುದಿಲ್ಲವೆಂದು ಪತ್ರ ಬರೆಯುತ್ತಿದ್ದೇನೆ.

ಸಾಲದ ದುಡ್ಡಿನಲ್ಲಿ ಉಣ್ಣುವುದಕ್ಕೆ ಮನಸ್ಸು ಒಪ್ಪುವುದಿಲ್ಲ ಎಂದು ನೀನು ತಮ್ಮನ ಹತ್ತಿರ ಹೇಳಿದೆಯಂತೆ. ಆ ಸಂಕೋಚವನ್ನು ಮೊದಲು ಬಿಡು. ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕಾಲೇಜು ಶುಲ್ಕದ ಜೊತೆಗೆ ಹಾಸ್ಟೆಲ್ ಶುಲ್ಕವೂ ಸೇರಿದೆ. ಹಾಸ್ಟೆಲ್ ಸಿಗದೆ ಹೊರಗೆ ಇರಬೇಕಾದವರ ವಸತಿ ಮತ್ತು ಊಟದ ಖರ್ಚನ್ನೂ ನ್ಯಾಯವಾದ ಮಿತಿಯಲ್ಲಿ ಒಪ್ಪಲು ಅದರಲ್ಲಿ ಅವಕಾಶವಿದೆ. ನಿನ್ನ ಮಂಜೂರಾತಿ ಪತ್ರದಲ್ಲೂ ಆ ಸಾಲು ಇದೆ, ತೆಗೆದು ನೋಡು. ಪಿ.ಜಿ.ಯಲ್ಲಿ ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟ ಮಾತ್ರ ಕೊಡುವಾಗ, ಮಧ್ಯಾಹ್ನ ಒಂದು ಬನ್ನು ತಿಂದು ಸಂಜೆಯ ಲ್ಯಾಬ್ ಮುಗಿಸುವುದನ್ನು ಉಳಿತಾಯವೆಂದು ನಾನು ಲೆಕ್ಕ ಹಿಡಿಯುವುದಿಲ್ಲ. ಹೊಡೆದುಹಾಕಿದ ಸಾಲನ್ನು ಮತ್ತೆ ಬರೆ.

ಆದರೆ ರಸೀದಿ ಬೇಕು. ಕಳೆದ ಸಲ ನೀನು ಕೊಟ್ಟದ್ದು ನೋಟ್‌ಪುಸ್ತಕದ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಬರೆದ ಚೀಟಿ, ಅದರಲ್ಲಿ ಪಿ.ಜಿ.ಯ ವಿಳಾಸವೂ ಇರಲಿಲ್ಲ, ಯಾವ ತಿಂಗಳಿನ ಬಾಡಿಗೆ ಎಂಬುದೂ ಇರಲಿಲ್ಲ. ಬ್ಯಾಂಕಿನವರು ಅದನ್ನು ಹಿಂದಿರುಗಿಸಿದ್ದರಲ್ಲಿ ತಪ್ಪೇನಿಲ್ಲ. ಅಡ್ವಾನ್ಸ್ ಎಷ್ಟು, ಅದರಲ್ಲಿ ಬಿಡುವಾಗ ಹಿಡಿದುಕೊಳ್ಳುವುದೆಷ್ಟು, ಬಾಡಿಗೆ ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಬರೆಸಿ, ಮಾಲೀಕರ ಸಹಿ ಮತ್ತು ವಿಳಾಸದೊಂದಿಗೆ ತೆಗೆದುಕೋ. ಯುಪಿಐ ಸ್ಕ್ರೀನ್‌ಶಾಟ್ ಇದೆಯಲ್ಲ ಎಂದು ನೀನು ವಾದಿಸಬಹುದು. ದುಡ್ಡು ಹೋಯಿತೆಂಬುದಕ್ಕೆ ಅದು ಸಾಕ್ಷಿ, ಯಾತಕ್ಕೆ ಹೋಯಿತೆಂಬುದಕ್ಕಲ್ಲ.

ಇನ್ನು ಬಡ್ಡಿಯ ವಿಚಾರ. ಸೊಸೈಟಿಯಲ್ಲಿ ರೈತರ ಸಾಲಕ್ಕೆ ದಿನವೂ ಬಡ್ಡಿ ಹಾಕುವ ನಾನು ಸ್ವಂತ ಮಗಳ ಸಾಲಕ್ಕೆ ಹಾಕದೆ ಬಿಟ್ಟೇನೆ? ಈ ವರ್ಷ ಬಾಡಿಗೆ, ಊಟಕ್ಕೆಂದು 60,000 ರೂಪಾಯಿ ಪಡೆದೆಯೆಂದುಕೋ. ಬಡ್ಡಿ ಶೇ. 10 ಎಂದು ಹಿಡಿಯೋಣ. ಓದಿನ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಸರಳ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ನಿನಗೆ ಇನ್ನು ಓದಿನ ಮೂರು ವರ್ಷ, ಮೇಲೊಂದು ವರ್ಷ. ಅಷ್ಟರಲ್ಲಿ ಬಡ್ಡಿಯೇ 24,000 ಆಗಿ ಅಸಲಿಗೆ ಸೇರಿ ಸಾಲ 84,000ಕ್ಕೆ ನಿಲ್ಲುತ್ತದೆ. ಅದನ್ನು ಏಳು ವರ್ಷದ ಕಂತಿನಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 1,395 ರೂಪಾಯಿಯಂತೆ ಒಟ್ಟು 1,17,000 ರೂಪಾಯಿ ಕಟ್ಟಿರುತ್ತೀಯೆ. ಹೆಚ್ಚುಕಡಿಮೆ ಎರಡು ಪಟ್ಟು. ಊಟಕ್ಕೆ, ಸೂರಿಗೆ ಈ ಬೆಲೆ ತೆರಬಹುದೆಂದು ನಾನೂ ನಿನ್ನ ಅಪ್ಪನೂ ಒಪ್ಪಿದ್ದೇವೆ. ಪಟ್ಟಿಯ ಉಳಿದ ಪ್ರತಿಯೊಂದು ಸಾಲನ್ನೂ ಎರಡು ಪಟ್ಟು ಮಾಡಿ ಓದಿ ನೋಡು.

ಹಾಗೆ ಓದಿದರೆ ಸ್ಕೂಟರ್ ನಿಲ್ಲುವುದಿಲ್ಲ. ನಮ್ಮ ಮಂಜೂರಾತಿಯಲ್ಲಿ ಅದಕ್ಕೆ ಅವಕಾಶವಿಲ್ಲ ಎಂಬುದು ಒಂದು ಕಾರಣವಾದರೆ, ಗಾಡಿ ಕೊಂಡ ಮರುದಿನದಿಂದಲೇ ಲೀಟರಿಗೆ ನೂರು ದಾಟಿದ ಪೆಟ್ರೋಲು, ವಿಮೆ, ಸರ್ವೀಸ್ ಎಂದು ತಿಂಗಳ ಖರ್ಚು ಶುರುವಾಗುತ್ತದೆ ಎಂಬುದು ಇನ್ನೊಂದು. ಮೈಸೂರು ರಸ್ತೆಯ ಆ ಲಾರಿಗಳ ನಡುವೆ ನೀನು ಸ್ಕೂಟರಿನಲ್ಲಿ ಹೋಗುವುದನ್ನು ನೆನೆದರೆ ಆಗುವ ಹೆದರಿಕೆಯನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ. ನಿನ್ನ ಓಡಾಟಕ್ಕೆ ಸಾಲವೇ ಬೇಕಾಗಿಲ್ಲ. ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡುವ ಶಕ್ತಿ ಯೋಜನೆ 2023ರ ಜೂನ್ 11ರಿಂದ ಜಾರಿಯಲ್ಲಿದೆ. ಬೆಂಗಳೂರಿನಲ್ಲಿ ನಿನ್ನ ಪಿ.ಜಿ. ಇರುವ ವಿಜಯನಗರದಿಂದ ಕಾಲೇಜಿರುವ ಕೆಂಗೇರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ದರದ ಟಿಕೆಟ್ ಪಡೆದು ಹೋಗಬಹುದು. ಎ.ಸಿ. ಬಸ್ಸಿಗೆ ಅದು ನಡೆಯುವುದಿಲ್ಲ. ಊರಿಗೆ ಬರುವಾಗಲೂ ಅಷ್ಟೇ: ವೇಗದೂತ ಬಸ್ಸಿಗೆ ದುಡ್ಡಿಲ್ಲ, ನೀನು ಪ್ರತಿ ಹಬ್ಬಕ್ಕೂ ಹುಡುಕುವ ಖಾಸಗಿ ಸ್ಲೀಪರ್ ಕೋಚಿಗೆ ಇದೆ.

ಬಸ್ಸು ತಡವಾಗಿ ಮೊದಲ ಪೀರಿಯಡ್ ತಪ್ಪುತ್ತದೆ ಎನ್ನುವ ನಿನ್ನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೆಟ್ರೋ ಇದೆ, ಆದರೆ 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ ದಿನಕ್ಕೆರಡು ಸಲ ಅದರಲ್ಲೇ ಓಡಾಡುವುದು ವಿದ್ಯಾರ್ಥಿಗೆ ಭಾರವೇ. ಪರೀಕ್ಷೆಯ ದಿನಗಳಿಗೆ, ಕತ್ತಲಾದ ಸಂಜೆಗಳಿಗೆ ಅದನ್ನು ಇಟ್ಟುಕೋ. ನನ್ನ ಕೇಳಿದರೆ ಪಿ.ಜಿ.ಯನ್ನೇ ಕೆಂಗೇರಿಗೆ ಬದಲಿಸುವುದು ಸರಿ. ತಿಂಗಳಿಗೆ ಸಾವಿರ ಹೆಚ್ಚಾದರೂ ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ನಾನು ಅದಕ್ಕೇ ಒಪ್ಪುತ್ತೇನೆ. ಆ ಸಾವಿರಕ್ಕೆ ಬ್ಯಾಂಕು ಒಪ್ಪುವ ರಸೀದಿಯೂ ಸಿಗುತ್ತದೆ, ಮಧ್ಯಾಹ್ನ ರೂಮಿಗೆ ಬಂದು ಉಣ್ಣಲೂ ಆಗುತ್ತದೆ.

ಆರು ಲಕ್ಷ ಮಂಜೂರಾಗಿದೆ ಎಂದ ಮಾತ್ರಕ್ಕೆ ಆರು ಲಕ್ಷವನ್ನೂ ಪಡೆಯಲೇಬೇಕೆಂದಿಲ್ಲ; ನಾವು ಎಷ್ಟು ಎತ್ತುತ್ತೇವೆಯೋ ಅಷ್ಟಕ್ಕೇ ಬಡ್ಡಿ. ಆದ್ದರಿಂದ ಖರ್ಚಿನ ಹಣವನ್ನು ವರ್ಷಕ್ಕೊಮ್ಮೆ ಬೇಡ, ಸೆಮಿಸ್ಟರಿಗೊಮ್ಮೆ ಕೇಳೋಣ. ನಿನ್ನ ಉಳಿತಾಯ ಖಾತೆಯಲ್ಲಿ ಸುಮ್ಮನೆ ಬಿದ್ದ ಸಾಲದ ಹಣಕ್ಕೆ ಬರುವ ಬಡ್ಡಿ, ನಾವು ಕಟ್ಟುವ ಬಡ್ಡಿಯ ಅರ್ಧಕ್ಕೂ ಸಾಲುವುದಿಲ್ಲ. ಆ 60,000ದ ಬಡ್ಡಿ ತಿಂಗಳಿಗೆ 500 ರೂಪಾಯಿ. ಅದನ್ನು ಈಗಿನಿಂದಲೇ ನಾನು ಕಟ್ಟುತ್ತಾ ಹೋಗುತ್ತೇನೆ. ಓದಿನ ಅವಧಿಯಲ್ಲೇ ಬಡ್ಡಿ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಶೇ. 1ರಷ್ಟು ರಿಯಾಯಿತಿ ಕೊಡುತ್ತವೆ. ನಮ್ಮ ಶಾಖೆಯಲ್ಲೂ ಕೇಳುತ್ತೇನೆ. ಈ ಐನೂರಕ್ಕೆ ನೀನು ಊಟ ಬಿಡಬೇಕಾಗಿಲ್ಲ.

ಕೆಂಗೇರಿಯಲ್ಲಿ ಎರಡು ಮೂರು ಪಿ.ಜಿ. ನೋಡಿ, ಬಾಡಿಗೆ ಮತ್ತು ಅಡ್ವಾನ್ಸನ್ನು ತಿಂಗಳ ಕೊನೆಯೊಳಗೆ ತಿಳಿಸು. ಈಗಿನ ಕಡೆ ಒಂದು ತಿಂಗಳು ಮುಂಚೆ ಹೇಳಬೇಕೆಂಬ ಕರಾರಿದ್ದರೆ ಈ ವಾರವೇ ಹೇಳಿಬಿಡು, ಇಲ್ಲವಾದರೆ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ. ಕಾಲೇಜಿನಿಂದ ಎರಡನೆಯ ವರ್ಷದ ಶುಲ್ಕದ ಪತ್ರವನ್ನು ಮೊಹರು ಹಾಕಿಸಿ, ಮೊದಲ ವರ್ಷದ ಅಂಕಪಟ್ಟಿಯ ಪ್ರತಿಯೊಂದಿಗೆ ಕಳಿಸು. ಅಪ್ಪ ಅದನ್ನು ಬ್ಯಾಂಕಿಗೆ ಕೊಟ್ಟು ಬರುತ್ತಾರೆ.

ಇಂತಿ ನಿನ್ನ
ಅಮ್ಮ