ಆಕಾಶ ಹಿಂಜಿದ ಹಿಮ: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ಗೆಳತಿ,

ನಿನ್ನ ಕತೆ ಓದಿದೆ. ಕಾಶ್ಮೀರದ ಆ ಬೆಳಗು ಮನಸ್ಸಿಗೆ ಹಿಡಿಸಿತು. ಆದರೆ 'ಹತ್ತಿಯಂಥ ಹಿಮ' ಅನ್ನುವಲ್ಲಿ ನಿಂತುಬಿಟ್ಟೆ. ಎಷ್ಟೋ ಜನ ಬರೆದು ಸವೆದ ಮಾತು ಅದು, ಅಲ್ವಾ? ಬೆಳ್ಳಗಿದೆ ಅಂತ ಗೊತ್ತಾಯಿತು, ಬೀಳುವುದು ಕಾಣಲಿಲ್ಲ.

ಅರಬ್ಬಿಯಲ್ಲಿ ನ-ದ-ಫ ಅಂತ ಒಂದು ಧಾತು, ಅಂದರೆ ಪದಗಳು ಹುಟ್ಟುವ ಬೇರು, ಇದೆ. 'ನದಫ' ಅಂದರೆ ಹತ್ತಿ ಹಿಂಜಿದನು. 'ನದ್ದಾಫ್' ಅಂದರೆ ಹಿಂಜುವವನು. ಹಳೆಯ ಅರಬ್ಬಿ ನಿಘಂಟುಗಳಲ್ಲಿ ಇದೇ ಧಾತುವಿನ ಕೆಳಗೆ ಇನ್ನೊಂದು ಬಳಕೆ ಸಿಗುತ್ತದೆ: ಆಕಾಶ ಹಿಮವನ್ನು ಹಿಂಜಿತು. ನೋಡು, ಆ ವಾಕ್ಯದಲ್ಲಿ ಹತ್ತಿ ಅನ್ನುವ ಪದವೇ ಇಲ್ಲ! 'ಅಂತೆ', 'ಹಾಗೆ' ಕೂಡ ಇಲ್ಲ. ಹೋಲಿಕೆಯೆಲ್ಲ ಕ್ರಿಯಾಪದದೊಳಗೇ ಕೂತಿದೆ. ಇವತ್ತಿಗೂ ಅರಬ್ಬಿಯಲ್ಲಿ ಹಿಮದ ಚೂರಿಗೆ 'ನುದ್ಫ' ಅನ್ನುತ್ತಾರೆ.

ಇದು ನನಗೆ ಪುಸ್ತಕದಿಂದ ಪೂರ್ತಿ ಅರ್ಥವಾಗಲಿಲ್ಲ. ಚಿಕ್ಕವನಿದ್ದಾಗ ನಮ್ಮ ಅಂಗಳಕ್ಕೆ ಗಾದಿ ಹಿಂಜುವವರು ಬರುತ್ತಿದ್ದರು. ಆಳುದ್ದದ ಬಿಲ್ಲು, ಬಿಗಿದ ನರದ ತಂತಿ. ಮರದ ಗುಂಡಿನಿಂದ ಮೀಟಿದರೆ ಟೊಂಯ್, ಟೊಂಯ್. ಗಂಟು ಕಟ್ಟಿದ ಹಳೇ ಅರಳೆ ತಂತಿಗೆ ತಾಗಿ ಬಿಚ್ಚಿಕೊಂಡು ಮೇಲೆ ಹಾರುತ್ತಿತ್ತು. ಆಮೇಲೆ ಆತುರವೇ ಇಲ್ಲದೆ ಇಳಿಯುತ್ತಿತ್ತು. ಅವರ ಹುಬ್ಬು, ಮೀಸೆ, ತುಳಸಿಕಟ್ಟೆ ಎಲ್ಲ ಬೆಳ್ಳಗೆ. ಅದೇ ಧಾತುವಿಗೆ ಊದ್ ಎಂಬ ತಂತಿವಾದ್ಯ ನುಡಿಸುವುದು ಅನ್ನುವ ಅರ್ಥವೂ ಇದೆ ಅಂತ ಮುಂದೊಮ್ಮೆ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಆ ತಂತಿಯ ಸದ್ದು ಕಿವಿಯಲ್ಲಿತ್ತಲ್ಲ.

ಇನ್ನೊಂದು ಮಾತು. ನಮ್ಮ ಉತ್ತರ ಕರ್ನಾಟಕದ ನದಾಫ ಅನ್ನುವ ಅಡ್ಡಹೆಸರು ಆ ನದ್ದಾಫ್‌ನಿಂದಲೇ ಬಂದದ್ದು. ಪಿಂಜಾರರು ಅಂತಲೂ ಕರೆಯುತ್ತೇವೆ. ಎಲ್ಲಿಯ ಅರಬ್ಬಿ ಧಾತು, ಎಲ್ಲಿಯ ನಮ್ಮ ಪಡಸಾಲೆಯ ಗಾದಿ!

ಹಾಗಾಗಿ ಸುಮ್ನೆ ಚೆಂದದ ಹೆಸರುಪದ ಹುಡುಕಬೇಡ. ಆ ಹಿಮ ಏನು ಮಾಡುತ್ತಿತ್ತು ಅಂತ ಕೇಳಿಕೋ. ನಮ್ಮ 'ಹಿಂಜು' ಕೂಡ ಗಟ್ಟಿ ಪದವೇ. ಮಾತನ್ನು ಜಾಸ್ತಿ ಎಳೆದರೂ ಹಿಂಜುವುದು ಅಂತೀವಿ. ಆದರೆ 'ಆಕಾಶ ಹಿಮ ಹಿಂಜಿತು' ಅಂತ ಹಾಗೇ ಎತ್ತಿ ಹಾಕಬೇಡ, ಅದು ಅರಬ್ಬರು ಕಂಡದ್ದು. ನೀನು ಕಂಡದ್ದು ಬೇರೆ ಇರುತ್ತದೆ.

ನಿಮ್ಮೂರಲ್ಲಿ ಹಿಂಜುವವರ ಮನೆ ಇದ್ದರೆ ಹೋಗಿ ಕೂತು ಬಾ. ಬಿಲ್ಲು ಈಗ ಅಟ್ಟದ ಮೇಲಿರಬಹುದು, ಇಳಿಸಿ ತೋರಿಸಿ ಅನ್ನು. ಅದರ ಒಂದೊಂದು ಭಾಗಕ್ಕೂ ಅವರು ಏನಂತಾರೆ ಕೇಳಿ, ನನಗೂ ಬರೆದು ಕಳಿಸು.

ನಿನ್ನ ಹಿರಿಯ ಗೆಳೆಯ