ಘಾಟಿಯಲ್ಲಿ ನಿಂತ ಲಾರಿಯ ಫಿಲ್ಟರ್ ನೋಡಿದ್ದೀರಾ?

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾಯಿತೆಂದರೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಘಾಟಿಯ ತಿರುವಿನಲ್ಲಿ ಲಾರಿ ಕೆಟ್ಟು ನಿಂತಿತು, ಗಂಟೆಗಟ್ಟಲೆ ಸಂಚಾರ ಬಂದ್ ಆಯಿತು. ಕಾರಣ ಏನೆಂದು ಹುಡುಕಿದರೆ 'ತಾಂತ್ರಿಕ ದೋಷ' ಅಂತ ಎರಡು ಪದ ಇರುತ್ತದೆ. ಓದಿದವರು ರಸ್ತೆಯನ್ನು ಬೈಯುತ್ತಾರೆ, ಓವರ್‌ಲೋಡ್ ಬೈಯುತ್ತಾರೆ, ಹಳೇ ಗಾಡಿ ಅಂತಾರೆ. ಅವೂ ಇವೆ, ಇಲ್ಲ ಎನ್ನುವುದಿಲ್ಲ. ಆದರೆ ಡೀಸೆಲ್ ಗಾಡಿ ರಿಪೇರಿಯಲ್ಲೇ ಬದುಕಿದ ನಾನು ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ಏರಿನ ಮೇಲೆ ಉಸಿರು ಕಟ್ಟಿ ನಿಲ್ಲುವ ಎಷ್ಟೋ ಲಾರಿಗಳ ಎಂಜಿನ್‌ನಲ್ಲಿ ಏನೂ ಕೆಟ್ಟಿರುವುದಿಲ್ಲ. ಡೀಸೆಲ್ ಸೋಸಿ ಅದರಲ್ಲಿನ ನೀರು ತಡೆಯುವ ಫಿಲ್ಟರಿನಲ್ಲಿ ನೀರು ತುಂಬಿರುತ್ತದೆ, ಅಷ್ಟೇ.

ಡೀಸೆಲ್‌ಗೆ ನೀರು ಎಲ್ಲಿಂದ ಬಂತು ಎಂದರೆ ಎಲ್ಲರೂ ಮೊದಲು ತೋರಿಸುವುದು ಬಂಕಿನ ಕಡೆ. ಸುಮ್ನೆ ಹಾಗೆ ದೂರಿದರೆ ಆಗುವುದಿಲ್ಲ. ಟ್ಯಾಂಕು ಅರ್ಧ ಖಾಲಿ ಇದ್ದಾಗ ಮೇಲಿನ ಅರ್ಧದಲ್ಲಿ ಗಾಳಿ ಇರುತ್ತದೆ. ಆಷಾಢದಲ್ಲಿ ನಮ್ಮ ಕಡೆ ಗಾಳಿ ಹೇಗಿರುತ್ತದೆ ಅಂತ ಬಟ್ಟೆ ಒಗೆದು ಹರವಿದವರಿಗೆ ಗೊತ್ತು. ರಾತ್ರಿ ತಣ್ಣಗಾದಾಗ ಆ ತೇವ ಟ್ಯಾಂಕಿನ ಒಳಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗಿದರೆ ನೀರು 1,000 ಗ್ರಾಂ ತೂಗುತ್ತದೆ. ಹಾಗಾಗಿ ಬಂದ ನೀರೆಲ್ಲ ತಳದಲ್ಲಿ ಕೂರುತ್ತದೆ. ಸಂಜೆ ಗಾಡಿ ನಿಲ್ಲಿಸುವ ಮುಂಚೆ ಟ್ಯಾಂಕ್ ತುಂಬಿಸಿ ಎಂದು ಹಳೇ ಡ್ರೈವರುಗಳು ಹೇಳುತ್ತಿದ್ದದ್ದು ಇದಕ್ಕೇ. ಇನ್ನು ಟ್ಯಾಂಕಿನ ಮುಚ್ಚಳದ ರಬ್ಬರ್ ವಾಷರ್ ಹರಿದಿದ್ದರಂತೂ ಕೇಳುವುದೇ ಬೇಡ. ಆಗುಂಬೆ, ಹುಲಿಕಲ್ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಂಥ ಜಾಗದಲ್ಲಿ ಕೆಲವೇ ರೂಪಾಯಿಯ ವಾಷರ್ ಹಾಕದೆ ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಓಡಾಡುವವರನ್ನು ಏನೆನ್ನೋಣ?

ತೋಟದ ಮನೆಗಳಲ್ಲಿ, ಕಲ್ಲು ಕ್ವಾರಿಗಳಲ್ಲಿ ಬ್ಯಾರಲ್‌ನಿಂದ ಡೀಸೆಲ್ ಹಾಕುವ ಪದ್ಧತಿಯೂ ಇದೆ. ಬ್ಯಾರಲ್ ನೆಟ್ಟಗೆ ನಿಲ್ಲಿಸಿ ಅಂಗಳದಲ್ಲಿ ಬಿಟ್ಟರೆ ಅದರ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ರಾತ್ರಿ ಕುಗ್ಗುವಾಗ ಮುಚ್ಚಳದ ಸಂದಿಯಿಂದ ಆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿದೆ ಎಂದು ಮಾಲೀಕರು ಆಣೆ ಮಾಡಿ ಹೇಳುತ್ತಾರೆ, ತಳದಲ್ಲಿ ನೋಡಿದರೆ ನೀರಿರುತ್ತದೆ. ಬ್ಯಾರಲ್ಲನ್ನು ಸೂರಿನಡಿ ಇಡಬೇಕು, ಇಲ್ಲವೇ ಮಲಗಿಸಿ ಇಡಬೇಕು. ತಳದ ನಾಲ್ಕು ಬೆರಳು ಡೀಸೆಲ್ಲನ್ನು ಗಾಡಿಗೆ ಹಾಕಲೇಬಾರದು.

ಬಂಕಿನ ಮಾತಿಗೆ ಬರೋಣ. ಒಂದು ಕಿಲೋ ಡೀಸೆಲ್‌ನಲ್ಲಿ 200 ಮಿಲಿಗ್ರಾಂವರೆಗೆ ನೀರಿರಬಹುದು ಎಂದು ಭಾರತೀಯ ಮಾನಕವೇ ಮಿತಿ ಹಾಕಿದೆ. 200 ಲೀಟರ್ ಟ್ಯಾಂಕಿಗೆ ಲೆಕ್ಕ ಹಾಕಿದರೆ ಮೂವತ್ತು ಮಿಲಿಲೀಟರಿನ ಆಸುಪಾಸು ಆಯಿತು. ಅಂದರೆ ಎಷ್ಟೇ ಒಳ್ಳೆಯ ಬಂಕಿನಲ್ಲಿ ಹಾಕಿಸಿದರೂ ಫಿಲ್ಟರಿನ ನೀರು ಬಿಡುವ ಕೆಲಸ ತಪ್ಪುವುದಿಲ್ಲ.

ಸರಿ, ಇಷ್ಟು ನೀರಿಟ್ಟುಕೊಂಡು ಕುಂದಾಪುರದಿಂದ ಹೊಸಂಗಡಿಯವರೆಗೆ ಚೆನ್ನಾಗಿಯೇ ಓಡಿದ ಗಾಡಿ ಘಾಟಿಯಲ್ಲೇ ಯಾಕೆ ಕೈಕೊಡುತ್ತದೆ? ಸಮ ರಸ್ತೆಯಲ್ಲಿ ಎಂಜಿನ್‌ಗೆ ಬೇಕಾದ ಡೀಸೆಲ್ ಕಡಿಮೆ. ಅರ್ಧ ಕಟ್ಟಿದ ಫಿಲ್ಟರಿನಿಂದಲೂ ಅಷ್ಟು ಹಾಯುತ್ತದೆ. ಲೋಡು ಹೊತ್ತು ಹೊಸಂಗಡಿ ದಾಟಿ ಬಾಳೆಬರೆ (ಹುಲಿಕಲ್) ಘಾಟಿಯ ಏರು ಹತ್ತುವಾಗ ಎಂಜಿನ್ ಪೂರ್ತಿ ಡೀಸೆಲ್ ಕೇಳುತ್ತದೆ. ಆಗ ಕಟ್ಟಿದ ಫಿಲ್ಟರಿನಿಂದ ಅಷ್ಟು ಹಾಯುವುದಿಲ್ಲ. ಜೊತೆಗೆ ಗಾಡಿ ಮೂತಿ ಎತ್ತಿದಾಗ ಟ್ಯಾಂಕಿನ ತಳದ ನೀರು ಜಾರುತ್ತದೆ, ತಿರುವಿನಲ್ಲಿ ಕುಲುಕುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆ ಇದ್ದರೆ ಎಳೆಯುವ ಪೈಪಿನ ಬಾಯಿಗೆ ಸಿಗುವುದು ಆ ನೀರೇ. ಮೊದಲು ಪಿಕಪ್ ಹೋಗುತ್ತದೆ, ಆಮೇಲೆ ಮಿಸ್ ಹೊಡೆಯುತ್ತದೆ, ಕೊನೆಗೆ ಆಫ್.

ಎಂಜಿನ್ ನಿಂತ ಮೇಲೆ ಏರ್ ಬ್ರೇಕಿನ ಕಂಪ್ರೆಸರ್ ತಿರುಗುವುದಿಲ್ಲ. ಬ್ರೇಕಿನ ಗಾಳಿ ಟ್ಯಾಂಕಿಯಲ್ಲಿ ಉಳಿದ ಗಾಳಿ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಇಳಿಯುತ್ತದೆ. ಪವರ್ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಗುತ್ತದೆ. ಅಂಥ ಗಾಡಿಯನ್ನು ಪಕ್ಕಕ್ಕೆ ಸರಿಸುವುದು ಹೇಗೆ? ಎದುರಿನಿಂದ ಮಣಿಪಾಲದ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ಬರುತ್ತಿರಬಹುದು. ಆಗುಂಬೆಯಲ್ಲಿ ಮಳೆಗಾಲಕ್ಕೆ ಭಾರಿ ವಾಹನ ತಡೆದಾಗ ಲೋಡೆಲ್ಲ ಬಾಳೆಬರೆ ಕಡೆಗೇ ತಿರುಗುತ್ತದೆ ಎಂಬುದನ್ನೂ ನೆನಪಿಡಬೇಕು.

ಹಳೇ ಗಾಡಿಗಳಿಗೆ ಸ್ವಲ್ಪ ಸಹನೆ ಇತ್ತು. ನೀರು ಬಂದರೆ ಕೆಮ್ಮುತ್ತಿದ್ದವು. ಫಿಲ್ಟರ್ ಬಿಚ್ಚಿ, ಡೀಸೆಲ್ ಪೈಪಿನಲ್ಲಿ ಸೇರಿದ ಗಾಳಿ (ಏರ್) ತೆಗೆದು ಹೊರಡಬಹುದಿತ್ತು. 2020ರ ಏಪ್ರಿಲ್ 1ರಿಂದ ಮಾರಾಟವಾಗುತ್ತಿರುವ, ಹೊಗೆಯ ಹೊಸ ಮಿತಿಗೆ ತಕ್ಕ ಬಿಎಸ್-6 ಲಾರಿಗಳು ಹಾಗಲ್ಲ. ಅವುಗಳ ಕಾಮನ್ ರೈಲ್, ಅಂದರೆ ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ ಎಂಜಿನ್‌ನಲ್ಲಿ ಒತ್ತಡ 1,600 ಬಾರ್ ದಾಟುವುದು ಮಾಮೂಲು. ಡೀಸೆಲ್ಲನ್ನು ಎಂಜಿನ್ ಒಳಗೆ ಚಿಮ್ಮಿಸುವ ಇಂಜೆಕ್ಟರಿನ ಒಳಭಾಗಗಳ ನಡುವಿನ ಸಂದಿ ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಪಂಪಿಗೂ ಇಂಜೆಕ್ಟರಿಗೂ ಜಾರುವ ಎಣ್ಣೆಯ ಕೆಲಸ ಮಾಡುವುದು ಡೀಸೆಲ್ಲೇ. ಆ ಜಾಗಕ್ಕೆ ನೀರು ಹೋದರೆ ಉಜ್ಜಿ ಗೀರು ಬೀಳುತ್ತದೆ, ತುಕ್ಕು ಹಿಡಿಯುತ್ತದೆ. ಒಂದು ಸೆಟ್ ಇಂಜೆಕ್ಟರ್ ಬದಲಿಸುವ ಖರ್ಚಿನಲ್ಲಿ ವರ್ಷಗಟ್ಟಲೆ ಫಿಲ್ಟರ್ ಹಾಕಬಹುದು. ಇಷ್ಟಾದರೂ ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನಲ್ಲಿ ನೀರು ತುಂಬಿದೆ ಎಂದು ಎಚ್ಚರಿಸುವ ದೀಪ ಉರಿದರೆ 'ಸೆನ್ಸರ್ ಹೋಗಿದೆ ಬಿಡಿ' ಎಂದು ವೈರ್ ಕಿತ್ತಿಡುವವರಿದ್ದಾರೆ!

ಕೆಲಸ ದೊಡ್ಡದಲ್ಲ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆಯೇ ಮಾಡಬೇಕು. ರಾತ್ರಿಯೆಲ್ಲ ನಿಂತಾಗ ನೀರು ಬೇರೆಯಾಗಿ ಕೆಳಗೆ ಕೂತಿರುತ್ತದೆ, ಓಡಿಸಿದ ಮೇಲೆ ಕಲಕಿಹೋಗುತ್ತದೆ. ಫಿಲ್ಟರಿನ ತಳದಲ್ಲಿ ನೀರು ಕೂರುವ ಬೌಲಿನ ಕೆಳಗೊಂದು ಪಾರದರ್ಶಕ ಬಾಟಲಿ ಹಿಡಿದು ಡ್ರೈನ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿದರೆ ನೀರು ಬರುತ್ತದೆ. ಕೆಲವು ಗಾಡಿಗಳಲ್ಲಿ ಒಂದು ಹನಿಯೂ ಬೀಳುವುದಿಲ್ಲ, ಆಗ ನೀರಿಲ್ಲ ಅಂತ ಮುಚ್ಚಿಬಿಡುತ್ತಾರೆ. ಆ ಫಿಲ್ಟರ್ ಪಂಪು ಎಳೆಯುವ ಕಡೆಗೆ ಇರುವುದರಿಂದ ನೀರು ತಾನಾಗಿ ಇಳಿಯುವುದಿಲ್ಲ, ಗಾಳಿ ಒಳಗೆ ಹೋಗಲು ಮೇಲಿನ ಏರ್ ಸ್ಕ್ರೂ ಸಡಿಲಿಸಬೇಕು ಅಥವಾ ಕೈಯಿಂದ ಡೀಸೆಲ್ ತುಂಬಿಸುವ ಪುಟ್ಟ ಪಂಪು, ಹ್ಯಾಂಡ್ ಪ್ರೈಮರ್ ಒತ್ತಬೇಕು. ಬರೀ ಡೀಸೆಲ್ ಬರುವವರೆಗೆ ಬಿಟ್ಟು ಕೈಯಲ್ಲೇ ಬಿಗಿ ಮಾಡಿದರೆ ಸಾಕು. ಪ್ಲಾಸ್ಟಿಕ್ ಸ್ಕ್ರೂಗೆ ಕಟಿಂಗ್ ಪ್ಲೈಯರ್ ಹಾಕಿದರೆ ಅದು ಮುರಿದು ಇನ್ನೊಂದು ರಗಳೆ. ಆಮೇಲೆ ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ ಸ್ಟಾರ್ಟ್ ಮಾಡಬೇಕು. ಬಾಟಲಿಯನ್ನು ಹತ್ತು ನಿಮಿಷ ಅಲುಗಾಡಿಸದೆ ಇಟ್ಟರೆ ನೀರೆಷ್ಟು, ಡೀಸೆಲೆಷ್ಟು ಎಂದು ಕಣ್ಣಿಗೇ ಕಾಣುತ್ತದೆ. ಕಪ್ಪಗೆ ಲೋಳೆಯಂತೆ ಬಂದರೆ ಟ್ಯಾಂಕಿನ ನೀರಿನಲ್ಲಿ ಸೂಕ್ಷ್ಮಜೀವಿ ಬೆಳೆದಿರುವ ಸಾಧ್ಯತೆ ಜಾಸ್ತಿ. ಟ್ಯಾಂಕೇ ತೊಳೆಸಬೇಕು, ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ.

ಫಿಲ್ಟರ್ ಬದಲಿಸುವಾಗ ಒಂದು ಎಚ್ಚರಿಕೆ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ಹಾಕುವುದು ಹಳೇ ಅಭ್ಯಾಸ. ಕಾಮನ್ ರೈಲ್ ಗಾಡಿಯಲ್ಲಿ ಅದು ಬೇಡ. ಸೋಸದ ಡೀಸೆಲ್ ನೇರ ಒಳಗೆ ಹೋಗುತ್ತದೆ. ಖಾಲಿ ಹಾಕಿ ಪ್ರೈಮರ್‌ನಿಂದಲೇ ತುಂಬಿಸಿ. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪ್ ಸಡಿಲಿಸಿ ಏರ್ ತೆಗೆಯುವ ಹಳೇ ವಿದ್ಯೆಯಂತೂ ಬೇಡವೇ ಬೇಡ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಡ್ರೈವರುಗಳಿಗೆ ಇದು ಗೊತ್ತಿಲ್ಲ ಎಂದೇನೂ ಅಲ್ಲ. ರಾತ್ರಿ ಅನ್‌ಲೋಡ್ ಮಾಡಿ ಬೆಳಗಾಗುವಷ್ಟರಲ್ಲಿ ಮತ್ತೆ ಲೋಡಿಗೆ ನಿಲ್ಲಬೇಕೆಂದರೆ ಬೌಲು ಬಿಚ್ಚಲು ಯಾರಿಗೆ ಪುರುಸೊತ್ತು? ಕ್ಲೀನರ್ ಇಟ್ಟುಕೊಳ್ಳುವುದನ್ನೂ ಮಾಲೀಕರು ನಿಲ್ಲಿಸಿದ್ದಾರೆ. ಹಾಗಾಗಿ ನನ್ನ ದೂರು ಮೊದಲು ಮಾಲೀಕರ ಮೇಲೆ. ಮೃಗಶಿರಾ ಮಳೆ ಹಿಡಿಯುವ ಮುಂಚೆ ಒಳ್ಳೆಯ ಫಿಲ್ಟರ್ ಹಾಕಿಸಿ, ಕ್ಯಾಬಿನ್ನಿನಲ್ಲಿ ಇನ್ನೊಂದು ಇಡಿ. ಅಗ್ಗದ ನಕಲಿ ಫಿಲ್ಟರ್ ತಂದು ಡ್ರೈವರನ್ನು ಬೈಯಬೇಡಿ.

ಬಂಕಿನವರು ನೆಲದೊಳಗಿನ ಟ್ಯಾಂಕಿಗೆ ಅಳತೆ ಕೋಲು ಇಳಿಸಿ, ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿ ನೋಡುತ್ತಾರೆ. ನೀರಿದ್ದರೆ ಪೇಸ್ಟಿನ ಬಣ್ಣ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ದಿನಾ ಬೆಳಿಗ್ಗೆ ಮಾಡಿ, ಫಲಿತಾಂಶವನ್ನು ಬೋರ್ಡಿನ ಮೇಲೆ ಬರೆದರೆ ಜನರ ಅನುಮಾನವೂ ಹೋಗುತ್ತದೆ, ಅಲ್ವಾ? ಟ್ಯಾಂಕರ್ ಅನ್‌ಲೋಡ್ ಆಗುತ್ತಿರುವಾಗ ಡೀಸೆಲ್ ಹಾಕಿಸದಿರುವುದು ನಮ್ಮ ಕೈಯಲ್ಲೇ ಇದೆ. ತಳದ ಕಸ, ನೀರು ಕದಡಿರುತ್ತದೆ.

ಸಾರಿಗೆ ಇಲಾಖೆಯವರು ಮಳೆಗಾಲಕ್ಕೆ ಮುಂಚೆ ಘಾಟಿಯ ಮೇಲಿನ ಮಾಸ್ತಿಕಟ್ಟೆಯಲ್ಲೋ ಕೆಳಗಿನ ಹೊಸಂಗಡಿಯಲ್ಲೋ ಲಾರಿ ತಪಾಸಣೆ ಮಾಡುವುದಾದರೆ ಟೈರು, ವೈಪರ್ ಜೊತೆಗೆ ಫಿಲ್ಟರಿನ ನೀರನ್ನೂ ಬಿಡಿಸಿ ನೋಡಲಿ. ಒಬ್ಬ ಮೆಕ್ಯಾನಿಕ್, ಒಂದಷ್ಟು ಬಾಟಲಿ ಇದ್ದರೆ ಸಾಕು. ಹಾಗೆ ಬಿಟ್ಟ ನೀರು-ಡೀಸೆಲ್ಲನ್ನು ರಸ್ತೆ ಪಕ್ಕದ ಚರಂಡಿಗೆ ಮಾತ್ರ ಸುರಿಸಬೇಡಿ. ಅಲ್ಲಿಂದ ಅದು ಹಳ್ಳಕ್ಕೆ, ಗದ್ದೆಗೆ ಹೋಗುತ್ತದೆ. ಕ್ಯಾನಿನಲ್ಲಿ ತುಂಬಿಸಿ, ಹಳೇ ಎಂಜಿನ್ ಆಯಿಲ್ ಒಯ್ಯುವ ಪರವಾನಗಿದಾರರಿಗೆ ಕೊಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಡೀಸೆಲ್ ಮೆಕ್ಯಾನಿಕ್, ಶಿವಮೊಗ್ಗ