ರೋಬಾಟ್ ಆಮೇಲೆ, ಮೊದಲು ಕೆಲಸ ಆರಿಸಿ

ಸಂಪಾದಕರೇ,

ರಾಯಚೂರಿನ ರಾಜೇಂದ್ರ ಗಂಜ್ ಸುತ್ತಮುತ್ತಲಿನ ಅಡತ್ ಅಂಗಡಿ (ರೈತರ ಮಾಲನ್ನು ಕಮಿಷನ್ನಿಗೆ ಮಾರಿಕೊಡುವವು), ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳ ಲೆಕ್ಕ ಬರೆಯುವವನು ನಾನು. ಈಚೆಗೆ 'ನಿಮ್ಮ ಗುಮಾಸ್ತರ ಕೆಲಸವನ್ನೆಲ್ಲ ರೋಬಾಟ್ ಮಾಡುತ್ತದೆ' ಎಂದು ಸಾಫ್ಟ್‌ವೇರ್ ಮಾರುವವರು ಬರುತ್ತಿದ್ದಾರೆ. ಕೈಕಾಲಿನ ರೋಬಾಟ್ ಅಲ್ಲ ಇದು. ಕಂಪ್ಯೂಟರಿನಲ್ಲಿ ನಾವು ಮಾಡುವ ಕ್ಲಿಕ್ಕು, ಕಾಪಿ, ಪೇಸ್ಟನ್ನೇ ತಾನು ಮಾಡುವ ಪ್ರೋಗ್ರಾಂ. ಆರ್‌ಪಿಎ ಅನ್ನುತ್ತಾರೆ. ಒಳ್ಳೆಯದೇ. ಆದರೆ ಮಾಲೀಕರು 'ರೇಟು ಎಷ್ಟು' ಎಂದು ಕೇಳುತ್ತಾರೆಯೇ ಹೊರತು 'ಯಾವ ಕೆಲಸಕ್ಕೆ' ಎಂದು ಕೇಳುವುದಿಲ್ಲ.

ಜಿಎಸ್‌ಟಿ ತಾಳೆ ನೋಡುವುದು ಇದಕ್ಕೆ ಹೇಳಿ ಮಾಡಿಸಿದ ಕೆಲಸ. ತಿಂಗಳ 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ, ತಿಂಗಳ ರಿಟರ್ನ್ ಹಾಕುವವರು 20ರೊಳಗೆ 3ಬಿ ಎಂಬ ತೆರಿಗೆ ಲೆಕ್ಕದ ರಿಟರ್ನ್ ಸಲ್ಲಿಸಬೇಕು, ನಡುವಿನ ಅಷ್ಟೇ ದಿನಗಳಲ್ಲಿ ನಮ್ಮ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಖರೀದಿ ಪಟ್ಟಿ ಹಿಡಿದು ಒಂದೊಂದೇ ಬಿಲ್ಲು ಹುಡುಕುತ್ತಾ ಕೂರಬೇಕು. (ರೈತರ ಹತ್ತಿ ಇದರಲ್ಲಿ ಬರುವುದಿಲ್ಲ, ಅದರ ತೆರಿಗೆ ಮಿಲ್ಲಿನವರೇ ಕಟ್ಟುವುದು. ಬಿಡಿಭಾಗ, ಬೇರೆ ವ್ಯಾಪಾರಿಗಳ ಮಾಲು, ಇಂಥ ಬಿಲ್ಲುಗಳ ಮಾತು.) ಜಿಎಸ್‌ಟಿ ನಂಬರು, ಬಿಲ್ ನಂಬರು, ತಾರೀಖು, ಮೊತ್ತ ನಾಲ್ಕೂ ಕೂಡಿದರೆ ಸರಿ, ಇಲ್ಲದಿದ್ದರೆ ಬದಿಗಿಡು. ಎರಡೂ ಕಡೆ ಎಕ್ಸೆಲ್ ಸಿಗುತ್ತದೆ. ಬಿಲ್ಲಿಗೆ 3 ನಿಮಿಷ ಅಂದರೂ 200 ಬಿಲ್ಲಿಗೆ 10 ತಾಸು.

ಇಲ್ಲೂ ಒಂದು ಕೊಕ್ಕೆ ಇದೆ. ಮಾರಿದವರು '0045' ಎಂದು ಹಾಕಿರುತ್ತಾರೆ, ನಮ್ಮ ಹುಡುಗ ಟ್ಯಾಲಿಯಲ್ಲಿ '45' ಎಂದು ಹೊಡೆದಿರುತ್ತಾನೆ. ನಮ್ಮ ಕಣ್ಣಿಗೆ ಎರಡೂ ಒಂದೇ, ರೋಬಾಟಿಗೆ ಬೇರೆ ಬೇರೆ. ಮುಂದಿನ ಸೊನ್ನೆ ಬಿಟ್ಟು ನೋಡು ಅಂತ ಮೊದಲೇ ಹೇಳಿಕೊಡಬೇಕು. ಇಂಥವು ನಾಲ್ಕೈದಿದ್ದರೆ ಪರವಾಗಿಲ್ಲ. ದಿನಕ್ಕೊಂದು ಹೊಸ ತಕರಾರು ಹುಟ್ಟುವ ಕೆಲಸವಾದರೆ ಅದನ್ನು ಕೊಡಲೇಬೇಡಿ.

ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ಲಿಗೂ ರೋಬಾಟ್ ಬೇಕು ಅನ್ನುವವರಿದ್ದಾರೆ. ಯಾಕೆ ಸ್ವಾಮಿ? ಎಕ್ಸೆಲ್‌ನಲ್ಲಿ ತುಂಬಿ ಹತ್ತಾರು ಬಿಲ್ಲು ಒಟ್ಟಿಗೆ ಮಾಡುವ ಸೌಲಭ್ಯ ಸರ್ಕಾರದ ಪೋರ್ಟಲ್‌ನಲ್ಲೇ ಪುಕ್ಕಟೆ ಇದೆ. ಮೇಲಾಗಿ ಲಾಗಿನ್ನಿಗೆ ಕ್ಯಾಪ್ಚಾ (ಚಿತ್ರದಲ್ಲಿನ ಅಕ್ಷರ ನೋಡಿ ಹೊಡೆಯುವುದು), ಒಟಿಪಿ ಬೇಕು, ಅಲ್ಲಿ ಹೇಗೂ ಒಬ್ಬ ಮನುಷ್ಯ ಕೂತಿರಲೇಬೇಕು, ಅಲ್ವಾ?

ಇನ್ನು ತೂಕದ ಚೀಟಿ. ಪೆನ್ಸಿಲ್ಲಿನಲ್ಲಿ ಗೀಚಿದ್ದು, ಮೇಲೆ ಚಹಾದ ಕಲೆ, ತೇವಕ್ಕೆ ಇಷ್ಟು ಕಳೆದಿದ್ದು, ಕಸಕ್ಕೆ ಅಷ್ಟು. ಹತ್ತಿ ಕೈಯಲ್ಲಿ ಹಿಡಿದು ನೋಡಿದವನ ತೀರ್ಮಾನ ಅದು, ಅದಕ್ಕೊಂದು ನಿಯಮ ಬರೆದುಕೊಡಿ ಅಂದರೆ ನಮ್ಮ ಅಡತ್‌ದಾರರೇ ಬರೆಯಲಾರರು. ಮೊದಲು ಕಾಟಾದ ತೂಕ ನೇರ ಕಂಪ್ಯೂಟರಿಗೆ ಬರಲಿ, ಆಮೇಲೆ ನೋಡೋಣ.

ರೈತರಿಗೆ ರೊಕ್ಕ ಹಾಕುವ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಪಟ್ಟಿ ತಯಾರಿಸುವುದು ರೋಬಾಟ್ ಮಾಡಲಿ, ಕೊನೆಯ ಬಟನ್ ಮನುಷ್ಯನೇ ಒತ್ತಲಿ. ಖಾತೆ ಅಪ್ಪನದೋ ಮಗನದೋ ಎಂಬ ಗೊಂದಲ ಯಾವಾಗಲೂ ಇದ್ದದ್ದೇ. 2025ರ ಮೇ 1ಕ್ಕೆ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡವು. ಇಂಥ ವಿಲೀನಗಳಲ್ಲಿ ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿ ಕೋಡ್ ಬದಲಾಗುವುದುಂಟು. ಹಳೆಯ ಪಟ್ಟಿಯಲ್ಲಿ ಏನಿದೆಯೋ ಅದನ್ನೇ ರೋಬಾಟ್ ಸುಮ್ನೆ ಒಪ್ಪಿಸುತ್ತದೆ, ಅನುಮಾನ ಪಡುವುದು ಅದಕ್ಕೆ ಗೊತ್ತಿಲ್ಲ.

ಮಾರಲು ಬಂದವರನ್ನು ಒಂದು ಮಾತು ಕೇಳಿ. ಪೋರ್ಟಲ್‌ನಲ್ಲಿ ಒಂದು ಬಟನ್ ಜಾಗ ಬದಲಾದರೆ ಇದು ನಿಂತುಹೋಗಬಹುದು. 20ನೇ ತಾರೀಖಿನ ಹಿಂದಿನ ದಿನ ಹಾಗಾದರೆ ಸರಿಮಾಡುವವರು ಯಾರು, ಎಷ್ಟು ತಾಸಿನಲ್ಲಿ, ಅದಕ್ಕೆ ಬೇರೆ ರೊಕ್ಕ ಎಷ್ಟು? ಬಾಯಿಮಾತಲ್ಲಿ ಬೇಡ, ಬರೆದು ಸಹಿ ಹಾಕಿಸಿಕೊಳ್ಳಿ.

ಒಬ್ಬ ಲೆಕ್ಕಿಗ, ರಾಯಚೂರು